ಗೃಹಸ್ಥರ ಗಮನಕ್ಕೆ: ಬಾರದ ಪಾರ್ಸೆಲ್ಲಿನ ಹಣ



ನಮ್ಮ ಓಣಿಯಲ್ಲಿ ರೊಟ್ಟಿಯ ಕಾಯಕದಿಂದಲೇ ಸಂಸಾರ ಸಾಗಿಸುತ್ತಿರುವ ತಾಯಿಯೊಬ್ಬರಿದ್ದಾರೆ. ಪತಿಯವರು ಲಿಂಗೈಕ್ಯರಾಗಿ ಒಂಬತ್ತು ವರ್ಷಗಳು ಸಂದವು. ಗದಗಿನ ಎರಡು ಖಾನಾವಳಿಗಳಿಗೆ ನಿತ್ಯದ ಬಿಸಿ ರೊಟ್ಟಿ, ಹೊರಊರುಗಳಲ್ಲಿ ನೆಲೆಸಿದವರಿಗೆ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ, ಪಂಚಮಿ ಬಂತೆಂದರೆ ಉಂಡಿ. ಬೆಳಗಿನ ನಾಲ್ಕು ಗಂಟೆಗೆ ಅವರ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತದೆ. ನಮ್ಮ ಮನೆಯವರು ಆ ಸಪ್ಪಳಕ್ಕೇ ಏಳುವ ರೂಢಿ ಮಾಡಿಕೊಂಡಿದ್ದಾರೆ. ಎಸರು ಹಾಕಿ ಹಿಟ್ಟು ನಾದಿ ನಾದಿ ಅವರಿಗೆ ಬಲರಟ್ಟೆಯ ನೋವು ಹತ್ತಿತು. ವೈದ್ಯರು ವಿಶ್ರಾಂತಿ ಹೇಳಿದರು. ವಿಶ್ರಾಂತಿ ತೆಗೆದುಕೊಂಡರೆ ಒಲೆ ಹೊತ್ತುವುದು ಹೇಗೆ? ಆದ್ದರಿಂದ ಹಿಟ್ಟು ನಾದುವ ಯಂತ್ರವೊಂದನ್ನು ತರಿಸಲು ಅವರು ನಿಶ್ಚಯಿಸಿದರು.

2025ರ ಶ್ರಾವಣದ ಮೊದಲ ಸೋಮವಾರ, ಜುಲೈ 28ರಂದು, ಪಂಚಮಿಗೆಂದು ಪುಣೆಯಿಂದ ಬಂದಿದ್ದ ಅಕ್ಕನ ಮಗನು ತನ್ನ ಮೊಬೈಲಿನಲ್ಲಿ ಒಂದು ಮಾರಾಟ ತಾಣವನ್ನು ತೆರೆದು ಯಂತ್ರ ತೋರಿಸಿದನು. ಬೆಲೆ 9,450 ರೂಪಾಯಿ. ತಾಯಿಯವರು ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಣವನ್ನು ಎಣಿಸಿ ಅವನ ಕೈಗಿತ್ತರು. ಅವನು ತನ್ನ ಖಾತೆಯಿಂದ ಯುಪಿಐ ಮೂಲಕ ಪಾವತಿ ಮಾಡಿದನು. ಒಂದು ರೊಟ್ಟಿಗೆ 8 ರೂಪಾಯಿಯಂತೆ ಹಿಡಿದರೆ ಅದು ಸುಮಾರು 1,180 ರೊಟ್ಟಿಗಳ ಬೆಲೆ; ಜೋಳ ಮತ್ತು ಉರುವಲಿನ ವೆಚ್ಚವನ್ನು ಕಳೆಯದೆ ಹಾಕಿದ ಲೆಕ್ಕವಿದು. ಕೆಲವು ಮನೆಗಳಲ್ಲಿ ಇಷ್ಟು ಹಣ ಒಂದು ಸಂಜೆಯ ಹೋಟೆಲ್ ಊಟಕ್ಕೆ ಕರಗಿ ಹೋಗುವುದುಂಟು, ಆ ಮಾತು ಬೇರೆ.

ಆಗಸ್ಟ್ 2ರಂದು ಯಂತ್ರ ಬರಬೇಕಿತ್ತು. ಅಂದು ಶನಿವಾರ, ತಾಯಿಯವರು ಹಗಲೆಲ್ಲ ಮನೆಯಲ್ಲಿಯೇ ಇದ್ದರು. ಯಾರೂ ಬರಲಿಲ್ಲ. ಸಂಜೆ ಪುಣೆಗೆ ಫೋನು ಮಾಡಿದರೆ, “ಚಿಗವ್ವಾ, ಮುಟ್ಟೇತಿ ಅಂತ ತೋರಸಾಕತ್ತೈತಿ, ನೀ ಸರಿಯಾಗಿ ನೋಡು” ಎಂಬ ಉತ್ತರ ಬಂದಿತು. ನೋಡುವುದೇನು? ಅವರ ಮನೆಯಲ್ಲಿರುವುದೇ ಎರಡು ಅಂಕಣ.

ಇದಾದ ಮೇಲೆ ಅವರು ಹನ್ನೊಂದು ದಿನಗಳವರೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆಗಸ್ಟ್ 13ರಂದು ನಮ್ಮ ಪಡಸಾಲೆಯಲ್ಲಿ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, “ಅಣ್ಣಾರ, ಸಾಮಾನಂತೂ ಬರಲಿಲ್ಲ, ರೊಕ್ಕಾನೂ ಹೋದುವು. ಮನ್ಯಾಗ ಮಗಳಿಗೂ ಹೇಳಿಲ್ರೀ. ಈ ವಯಸ್ಸಿನಾಗ ಇಂಥಾ ಉಸಾಬರಿ ನಿನಗ ಯಾಕ ಬೇಕಾಗಿತ್ತು ಅಂದಾಳು ಅಂತ ನಾಚಿಕಿ ಆತು” ಎಂದರು.

ಈ ನಾಚಿಕೆಯ ಮಾತನ್ನು ನಾವು ಮೊದಲೇ ಎತ್ತಿಕೊಳ್ಳುತ್ತೇವೆ. ಹಣ ಕಳೆದುಕೊಂಡವರು ಬಾಯಿ ಮುಚ್ಚಿಕೊಂಡು ಕುಳಿತಷ್ಟು ದಿನವೂ ಲಾಭ ಎದುರು ಪಕ್ಷಕ್ಕೆ. ತಲುಪದ ವಸ್ತುವನ್ನು ತಲುಪಿದೆಯೆಂದು ತೋರಿಸಿದಾಗ ಅದನ್ನು ಆಕ್ಷೇಪಿಸಲು ಬಹುತೇಕ ತಾಣಗಳು ಕೆಲವೇ ದಿನಗಳ ಅವಧಿಯನ್ನು ಇಟ್ಟಿರುತ್ತವೆ. ಆ ಅವಧಿ ಮೀರಿದರೆ ಗ್ರಾಹಕನ ಹಕ್ಕೇನೂ ಅಳಿಯುವುದಿಲ್ಲ. ಆದರೆ ಸುಲಭದ ಬಾಗಿಲು ಮುಚ್ಚಿ, ಸುತ್ತಿನ ಬಾಗಿಲಿನಿಂದ ಹೋಗಬೇಕಾಗುತ್ತದೆ. ನಮ್ಮ ತಾಯಿಯವರಿಗೆ ಆದದ್ದೂ ಅದೇ.

ಅವರ ನಾಚಿಕೆಯನ್ನು ಬಿಡಿಸಲು ನಾವು ನಮ್ಮದೇ ಹಳೆಯ ಕಥೆಯೊಂದನ್ನು ಹೇಳಬೇಕಾಯಿತು. 1978ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಪತ್ರಿಕೆಯೊಂದರ ಜಾಹೀರಾತನ್ನು ನಂಬಿ ಉತ್ತರ ದೇಶದ ವ್ಯಾಪಾರಿಯೊಬ್ಬನಿಂದ ವಿ.ಪಿ.ಪಿ. ಮೂಲಕ ಟ್ರಾನ್ಸಿಸ್ಟರ್ ರೇಡಿಯೋ ತರಿಸಿದೆವು. ವಿ.ಪಿ.ಪಿ.ಯ ಕ್ರಮ ಹಿರಿಯ ಓದುಗರಿಗೆ ನೆನಪಿರಬಹುದು: ಅಂಚೆಯವರ ಕೈಗೆ ಹಣವಿತ್ತ ಹೊರತು ಪೊಟ್ಟಣವನ್ನು ಬಿಚ್ಚುವಂತಿಲ್ಲ. 85 ರೂಪಾಯಿ ಕೊಟ್ಟು ಬಿಚ್ಚಿದರೆ ಒಳಗೆ ಹಳೆಯ ಕಾಗದದಲ್ಲಿ ಸುತ್ತಿದ ಇಟ್ಟಿಗೆ! ತಂದೆಯವರು ಅದನ್ನು ನೋಡಿ ಏನೂ ಅನ್ನಲಿಲ್ಲ. ಆ ಇಟ್ಟಿಗೆಯನ್ನು ಹಿತ್ತಲಿನ ತುಳಸಿಕಟ್ಟೆಗೆ ಸೇರಿಸಿದರು. ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕಿಂತ ಎಂಟು ವರ್ಷ ಮೊದಲಿನ ಮಾತಾದ್ದರಿಂದ ನಮ್ಮ 85 ರೂಪಾಯಿಗೆ ಕೇಳುವವರೇ ಇರಲಿಲ್ಲ. ಇದನ್ನು ಕೇಳಿ ತಾಯಿಯವರು ಮೊದಲ ಬಾರಿಗೆ ನಕ್ಕರು.

ನಕ್ಕದ್ದೇನೋ ಸರಿ, ಆ ಸಂಜೆಯೇ ನಾವು ಎರಡನೆಯ ಇಟ್ಟಿಗೆಗೆ ಕೈಯೊಡ್ಡಿದೆವು. ತಾಣದ ಗ್ರಾಹಕ ಸೇವೆಯ ಸಂಖ್ಯೆ ಬೇಕಾಗಿತ್ತು. ಮೊಬೈಲಿನಲ್ಲಿ ಹುಡುಕಿದೆವು, ಮೊದಲು ಕಂಡ ಸಂಖ್ಯೆಗೆ ಕರೆ ಮಾಡಿದೆವು. ಆ ಕಡೆಯಿಂದ ಅತ್ಯಂತ ಸೌಜನ್ಯದ ಹಿಂದಿಯಲ್ಲಿ ಒಬ್ಬಾತನು ಮಾತನಾಡಿ, ಹಣವನ್ನು ಈಗಿಂದೀಗಲೇ ಮರಳಿಸುವುದಾಗಿ ಹೇಳಿ, ಒಂದು ಆ್ಯಪ್ ಹಾಕಿಕೊಳ್ಳಲು ಸೂಚಿಸಿದನು. ನಮ್ಮ ಮೊಬೈಲಿನ ಪರದೆಯನ್ನು ಅವನು ಕುಳಿತಲ್ಲಿಂದಲೇ ನೋಡಬಲ್ಲ ಆ್ಯಪ್ ಅದು. ಬಳಿಕ ಖಾತೆಯನ್ನು ಪರೀಕ್ಷಿಸಲು 5 ರೂಪಾಯಿ ಕಳುಹಿಸಿ ಯುಪಿಐ ಪಿನ್ ಒತ್ತಬೇಕೆಂದನು. ನಾವು ಕನ್ನಡಕ ಹುಡುಕುತ್ತಿದ್ದಾಗ ಸೊಸೆ ಬಂದು, “ಮಾಮಾ, ಮೊದಲ ಫೋನ್ ಇಡ್ರಿ” ಎಂದು ಕೈಯಿಂದ ಕಸಿದುಕೊಂಡಳು. ಹಣವನ್ನು ಪಡೆಯುವವರು ಪಿನ್ ಒತ್ತುವ ಪ್ರಸಂಗವೇ ಬರುವುದಿಲ್ಲ, ಪಿನ್ ಬೇಕಾಗುವುದು ಹಣ ನಮ್ಮ ಖಾತೆಯಿಂದ ಹೊರಗೆ ಹೋಗುವಾಗ ಎಂದು ಅವಳು ನಮಗೆ ಪಾಠ ಹೇಳಿದಳು. ಈ ಅಂಕಣದಲ್ಲಿ ಇಷ್ಟು ವರ್ಷ ಪರರಿಗೆ ಬುದ್ಧಿ ಹೇಳುತ್ತ ಬಂದ ನಮಗೆ ಆ ದಿನ ತಲೆ ತಗ್ಗಿಸಿ ಕೇಳುವ ಸರದಿ ಬಂದಿತು. ಗ್ರಾಹಕ ಸೇವೆಯ ಸಂಖ್ಯೆಯನ್ನು ಆ ತಾಣದ ಒಳಗಿನಿಂದಲೇ, ನಮ್ಮ ಆರ್ಡರಿನ ವಿವರವಿರುವ ಪುಟದಿಂದಲೇ ತೆಗೆದುಕೊಳ್ಳಬೇಕು. ಹೊರಗೆ ಹುಡುಕಿದರೆ ಸಿಗುವ ಸಂಖ್ಯೆಗಳಲ್ಲಿ ಕಳ್ಳರು ಹಾಕಿದವೂ ಸೇರಿರುತ್ತವೆ. ಬಾರದ ವಸ್ತುವಿಗಾಗಿ ಚಡಪಡಿಸುತ್ತಿರುವವರನ್ನೇ ಅವರು ಕಾದುಕೊಂಡಿರುತ್ತಾರೆ.

ಮರುದಿನ ಪುಣೆಯ ಹುಡುಗನನ್ನು ಫೋನಿನಲ್ಲಿ ಹಿಡಿದೆವು. ಆರ್ಡರು ಅವನ ಹೆಸರಿನ ಖಾತೆಯಲ್ಲಿದ್ದುದರಿಂದ ದೂರು ಕೂಡ ಅವನ ಖಾತೆಯಿಂದಲೇ ಹೋಗಬೇಕಿತ್ತು. ಅವನು ತಾಣದ ಒಳಗೆ ದೂರು ದಾಖಲಿಸಿದನು, ದೂರಿನ ಸಂಖ್ಯೆ ಬಂದಿತು, ಎರಡು ಗಂಟೆಯೊಳಗೆ ಉತ್ತರವೂ ಬಂದಿತು: ವಸ್ತುವನ್ನು ಮನೆಯವರ ಕೈಗೆ ಕೊಡಲಾಗಿದೆ, ದೂರು ಮುಕ್ತಾಯವಾಗಿದೆ. ಇಷ್ಟಕ್ಕೇ ಹಲವರು ಕೈಚೆಲ್ಲುತ್ತಾರೆ. ನಾವು ತಲುಪಿಸಿದ್ದಕ್ಕೆ ಪುರಾವೆ ಕೇಳಿರೆಂದು ಹುಡುಗನಿಗೆ ಹೇಳಿದೆವು. ವಸ್ತುವನ್ನು ಒಪ್ಪಿಸುವವರು ಸಹಿ, ಓಟಿಪಿ ಅಥವಾ ಛಾಯಾಚಿತ್ರ ಇವುಗಳಲ್ಲಿ ಯಾವುದಾದರೊಂದನ್ನು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾರೆ. ಮೂರನೆಯ ಸಲ ಕೇಳಿದಾಗ ಒಂದು ಛಾಯಾಚಿತ್ರ ಬಂದಿತು. ನೀಲಿ ಬಣ್ಣದ ಕಬ್ಬಿಣದ ಗೇಟು, ಅದರ ಮುಂದೆ ಟೈಲ್ಸ್ ಹಾಸಿದ ಮೆಟ್ಟಿಲು, ಮೆಟ್ಟಿಲ ಮೇಲೆ ಪೆಟ್ಟಿಗೆ. ನಮ್ಮ ತಾಯಿಯವರ ಮನೆಗೆ ಗೇಟೂ ಇಲ್ಲ, ಟೈಲ್ಸೂ ಇಲ್ಲ. ಸಾಗುವಾನಿಯ ಹಳೆಯ ಬಾಗಿಲು, ಕಲ್ಲಿನ ಹೊಸ್ತಿಲು. ಆ ಚಿತ್ರವನ್ನು ಹಿಡಿದುಕೊಂಡು ನಾವು ಮತ್ತು ಎದುರು ಮನೆಯ ನಿವೃತ್ತ ಮಾಸ್ತರರು ಇಡೀ ಓಣಿಯನ್ನೂ ಹಿಂದಿನ ಎರಡು ಓಣಿಗಳನ್ನೂ ತಿರುಗಿದೆವು. ಅಂಥ ಗೇಟು ಎಲ್ಲಿಯೂ ಸಿಗಲಿಲ್ಲ. ಮಾಸ್ತರರು ತಾಯಿಯವರ ಬಾಗಿಲನ್ನು ಓಣಿಯ ಫಲಕ ಕಾಣುವಂತೆ ನಿಂತು ಚಿತ್ರ ತೆಗೆದರು. ಮುಂದೆ ನಮಗೆ ಹೆಚ್ಚು ಸಹಾಯವಾದದ್ದು ಈ ಎರಡು ಚಿತ್ರಗಳೇ.

ಓಟಿಪಿಯ ವಿಷಯ ಬಂದದ್ದರಿಂದ ಒಂದು ಮಾತು. “ನಿಮ್ಮ ಪಾರ್ಸೆಲ್ ತಂದಿದ್ದೇವೆ, ಓಟಿಪಿ ಹೇಳಿ” ಎಂದು ಫೋನಿನಲ್ಲಿ ಕೇಳಿದರೆ, ವಸ್ತು ಕಣ್ಣೆದುರು ಬರುವವರೆಗೆ ಹೇಳಬಾರದು. ಓಟಿಪಿ ಕೊಟ್ಟ ಬಳಿಕ ವಸ್ತು ಬರಲಿಲ್ಲವೆಂದರೆ ವಾದ ಬಹಳ ಕಠಿಣವಾಗುತ್ತದೆ.

ಇನ್ನು ಕಾನೂನಿನ ಮಾತಿಗೆ ಬರೋಣ. 1986ರ ಕಾಯ್ದೆಯ ಸ್ಥಾನದಲ್ಲಿ ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಅದು 2020ರ ಜುಲೈ 20ರಿಂದ ಜಾರಿಗೆ ಬಂದಿತು. ಅದರ ಬೆನ್ನಿಗೇ, ಜುಲೈ 23ರಂದು, ಇ-ವಾಣಿಜ್ಯದ ನಿಯಮಗಳು ಹೊರಟವು. ಈ ನಿಯಮಗಳ ಪ್ರಕಾರ ಇಂತಹ ಪ್ರತಿಯೊಂದು ತಾಣವೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ ಮತ್ತು ಸಂಪರ್ಕದ ವಿವರವನ್ನು ತಾಣದಲ್ಲಿ ಪ್ರಕಟಿಸಬೇಕು. ಆ ಅಧಿಕಾರಿ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ಅವಧಿಗಿಂತ ತಡವಾಗಿ ವಸ್ತು ಬಂದರೂ, ಅನಿವಾರ್ಯ ವಿಪತ್ತಿನ ಕಾರಣವಿಲ್ಲದಿದ್ದರೆ, ಮಾರಾಟಗಾರನು ಹಣ ಮರಳಿಸಲು ನಿರಾಕರಿಸುವಂತಿಲ್ಲ. ತಡವಾದದ್ದಕ್ಕೇ ಈ ನಿಯಮವಿರುವಾಗ ಬಾರದೇ ಹೋದದ್ದರ ಮಾತೇನು? “ನಾವು ಮಾರುವವರಲ್ಲ, ಮಾರುವವರಿಗೆ ಜಾಗ ಕೊಟ್ಟವರು ಮಾತ್ರ” ಎಂದು ಕೆಲವು ತಾಣಗಳು ಜಾರಿಕೊಳ್ಳಲು ನೋಡುತ್ತವೆ. ಸಂತೆಯ ಜಾಗದ ಬಾಡಿಗೆ ಎತ್ತುವವನು ಸಂತೆಯ ಜಗಳಕ್ಕೆ ನನಗೇನು ಸಂಬಂಧ ಎಂದಂತೆ! ದೂರು ಕೇಳುವ ಅಧಿಕಾರಿಯನ್ನು ಇಡುವ ಹೊಣೆ ಇಂತಹ ತಾಣಗಳಿಗೂ ಉಂಟು.

ಗ್ರಾಹಕ ಸೇವೆಯವರ ಜೊತೆ ಹರಟುವುದಕ್ಕೂ ಕುಂದುಕೊರತೆ ಅಧಿಕಾರಿಗೆ ಬರೆಯುವುದಕ್ಕೂ ಅಜಗಜಾಂತರವಿದೆ. ಮೊದಲನೆಯವರು ಮುಂದಿರುವ ಸಿದ್ಧ ಉತ್ತರಗಳನ್ನು ಒಪ್ಪಿಸುತ್ತಾರೆ. ಎರಡನೆಯವರ ಹೆಸರಿಗೆ ಕಾಗದ ಹೋದರೆ ಗಡುವು ಆರಂಭವಾಗುತ್ತದೆ. ಆಗಸ್ಟ್ 16ರಂದು ನಾವು ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಹುಡುಗನು ಇಂಗ್ಲಿಷಿಗೆ ಇಳಿಸಿ ತನ್ನ ಇ-ಮೇಲಿನಿಂದ ಕಳುಹಿಸಿದನು. ಓದುಗರಿಗೆ ಉಪಯೋಗವಾದೀತೆಂದು ಅದರ ಒಡಲನ್ನು ಇಲ್ಲಿ ಕೊಡುತ್ತೇವೆ:

“ಮಾನ್ಯರೆ, 2025ರ ಜುಲೈ 28ರಂದು ತಮ್ಮ ತಾಣದಲ್ಲಿ ಹಿಟ್ಟು ನಾದುವ ಯಂತ್ರವೊಂದನ್ನು ಕೊಂಡು, ಪೂರ್ಣ ಬೆಲೆ ರೂ. 9,450ನ್ನು ಅಂದೇ ಯುಪಿಐ ಮೂಲಕ ಪಾವತಿ ಮಾಡಿರುತ್ತೇನೆ. ಆರ್ಡರ್ ಸಂಖ್ಯೆ ಮತ್ತು ಪಾವತಿಯ ಸಂಖ್ಯೆಯನ್ನು ಕೆಳಗೆ ಕಾಣಿಸಿದೆ. ಆಗಸ್ಟ್ 2ರಂದು ವಸ್ತು ತಲುಪಿದೆಯೆಂದು ತಾವು ತೋರಿಸಿರುವಿರಿ, ಅದು ತಲುಪಿರುವುದಿಲ್ಲ. ತಾವು ಕಳುಹಿಸಿದ ಛಾಯಾಚಿತ್ರದಲ್ಲಿರುವ ಮನೆ ನಾನು ಕೊಟ್ಟ ವಿಳಾಸದ ಮನೆಯಲ್ಲ. ವಿಳಾಸದ ಮನೆಯ ಚಿತ್ರವನ್ನು ಲಗತ್ತಿಸಿದೆ. ಆಗಸ್ಟ್ 14ರ ನನ್ನ ದೂರನ್ನು ವಿಚಾರಿಸದೆ ಮುಕ್ತಾಯಗೊಳಿಸಲಾಗಿದೆ. ಹಣವನ್ನು ಪೂರ್ಣವಾಗಿ ಮರಳಿಸಬೇಕು. 2020ರ ಇ-ವಾಣಿಜ್ಯ ನಿಯಮಗಳ ಅವಧಿಯೊಳಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವೆನು.”

ಸಿಟ್ಟಿನ ಶಬ್ದಗಳಿಲ್ಲ, ಬಡತನದ ವರ್ಣನೆಯಿಲ್ಲ. ತಾಯಿಯವರ ರಟ್ಟೆನೋವನ್ನು ಸೇರಿಸಬೇಕೆಂದು ಮಾಸ್ತರರು ಬಹಳ ಒತ್ತಾಯಿಸಿದರು; ನಾವು ಒಪ್ಪಲಿಲ್ಲ. ದಿನಾಂಕ, ಸಂಖ್ಯೆ, ಮೊತ್ತ, ಬೇಡಿಕೆ ಇವು ನಾಲ್ಕು ಇದ್ದರೆ ಓದುವವನಿಗೆ ತಪ್ಪಿಸಿಕೊಳ್ಳುವ ಸಂದು ಸಿಗುವುದಿಲ್ಲ. ಅಂದ ಹಾಗೆ, ತಾಣದವರ ಜೊತೆ ನಡೆದ ಪ್ರತಿಯೊಂದು ಸಂಭಾಷಣೆಯ ಪರದೆಯ ಚಿತ್ರವನ್ನು ತೆಗೆದಿಡಬೇಕು. ಮಾಸ್ತರರು ಅವನ್ನೆಲ್ಲ ಮುದ್ರಿಸಿ, ದಾರ ಪೋಣಿಸಿ, ಶಾಲೆಯ ದಾಖಲೆಗಳಂತೆ ಒಂದು ಕಟ್ಟು ಮಾಡಿದ್ದರು. ಅವರ ಮೂವತ್ತೈದು ವರ್ಷಗಳ ಸೇವೆ ವ್ಯರ್ಥವಾಗಲಿಲ್ಲ.

ಆಗಸ್ಟ್ 18ರಂದು ಸ್ವೀಕೃತಿ ಬಂದಿತು. 25ರಂದು, ಸಾಗಣೆಯವರನ್ನು ವಿಚಾರಿಸುತ್ತಿದ್ದೇವೆ, ಸಹಕರಿಸಿರಿ ಎಂಬ ಉತ್ತರ. ಸಹಕರಿಸುವುದೆಂದರೆ ಸುಮ್ಮನಿರುವುದೆಂದು ಅವರ ಅರ್ಥ. ಗಣೇಶ ಚತುರ್ಥಿಯ ಮುನ್ನಾ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿಸಿದೆವು. ಸಂಖ್ಯೆ 1915. ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ವೆಚ್ಚವಿಲ್ಲ. ವಿವರ ಕೇಳಿ ಬರೆದುಕೊಂಡು ನೋಂದಣಿ ಸಂಖ್ಯೆ ಕೊಡುತ್ತಾರೆ, ದೂರನ್ನು ಕಂಪನಿಗೆ ರವಾನಿಸುತ್ತಾರೆ. ಇದು ನ್ಯಾಯಾಲಯವಲ್ಲ, ಆಜ್ಞೆ ಮಾಡುವ ಅಧಿಕಾರ ಇದಕ್ಕಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಹಿರಿಯರು ಕುಳಿತು ಬಗೆಹರಿಸಿದಂತೆ. ಆದರೂ ಸರ್ಕಾರದ ಕಡೆಯಿಂದ ಬಂದ ಕಾಗದಕ್ಕೆ ಕಂಪನಿಗಳು ನಮ್ಮ ಕಾಗದಕ್ಕಿಂತ ಬೇಗ ಕಿವಿಗೊಡುತ್ತವೆ.

ಇದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವೂ ಇಲ್ಲ. ಹಿಂದಿನ ಕಾಯ್ದೆಯಲ್ಲಿ ಎದುರು ಪಕ್ಷದವರ ಊರು ಯಾವುದು, ವ್ಯಾಜ್ಯ ಹುಟ್ಟಿದ ಊರು ಯಾವುದು ಎಂಬುದರ ಮೇಲೆಯೇ ಅರ್ಧ ವಾದ ಮುಗಿಯುತ್ತಿತ್ತು; ಈಗ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಕಂಪನಿ ಎಲ್ಲಿಯದಾದರೂ ಆಗಲಿ, ಗದಗಿನ ತಾಯಿ ಗದಗಿನಲ್ಲಿಯೇ ಕೇಳಬಹುದೆಂದು ತಾತ್ಪರ್ಯ. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಸರ್ಕಾರಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ಅನುಕೂಲವಾಗಿದೆ. ಮರಳಬೇಕಾದ ಹಣದ ಜೊತೆಗೆ ಆದ ತೊಂದರೆಗೆ ಪರಿಹಾರವನ್ನೂ ಕೇಳಲಡ್ಡಿಯಿಲ್ಲ. ಕಾಲಾವಕಾಶ ಮಾತ್ರ ಕಾಯ್ದೆಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಿಡಿಯುವುದುಂಟು. ಅದನ್ನು ಮುಚ್ಚಿಡುವುದು ತರವಲ್ಲ.

ಕಾರ್ಡಿನ ಮೂಲಕ ಹಣ ಕೊಟ್ಟವರಿಗೆ ಇನ್ನೊಂದು ದಾರಿಯುಂಟು. ವಸ್ತು ಬರಲಿಲ್ಲವೆಂದು ಕಾರ್ಡು ಕೊಟ್ಟ ಬ್ಯಾಂಕಿಗೇ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ, ಬ್ಯಾಂಕು ಆ ಹಣವನ್ನು ವ್ಯಾಪಾರಿಯ ಬ್ಯಾಂಕಿನಿಂದ ಹಿಂದಕ್ಕೆ ಕೇಳುತ್ತದೆ. ಚಾರ್ಜ್‌ಬ್ಯಾಕ್ ಎನ್ನುವುದು ಇದಕ್ಕೇ. ಇದಕ್ಕೂ ಗಡುವು ಇರುವುದರಿಂದ ತಾಣದವರ ಸಿಹಿಮಾತಿನಲ್ಲಿ ತಿಂಗಳುಗಳನ್ನು ಕಳೆಯಬಾರದು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಅದರ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಇನ್ನು ಕೆಲವೊಮ್ಮೆ ಖಾತೆಯಿಂದ ಹಣ ಹೋಗಿ, ವ್ಯಾಪಾರಿಗೆ ಮುಟ್ಟದೆ, ಆರ್ಡರೇ ದಾಖಲಾಗಿರುವುದಿಲ್ಲ. ಇದು ಬೇರೆಯೇ ಪ್ರಕರಣ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರಿನ ಸುತ್ತೋಲೆಯಂತೆ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ನಿಂತರೆ 5 ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ಇಂಥಲ್ಲಿ ಗಾಬರಿಯಿಂದ ಎರಡನೆಯ ಸಲ ಹಣ ಕಟ್ಟುವವರೇ ಹೆಚ್ಚು.

ಇಷ್ಟೆಲ್ಲ ಹೇಳಿದ್ದು ವಿಳಾಸವುಳ್ಳ, ನಿಜವಾದ ವ್ಯಾಪಾರಿಗಳ ವಿಷಯ. ವಿಳಾಸವೇ ಇಲ್ಲದ ಠಕ್ಕ ತಾಣಗಳ ಮುಂದೆ ಈ ಯಾವ ನಿಯಮವೂ ನಡೆಯುವುದಿಲ್ಲ. ನಮ್ಮ ಬಂಧುಗಳ ಮನೆಯೊಂದರಲ್ಲಿ ಮೊಬೈಲಿನ ಜಾಹೀರಾತು ನೋಡಿ 599 ರೂಪಾಯಿಗೆ ರೇಷ್ಮೆ ಸೆರಗಿನ ಇಳಕಲ್ ಸೀರೆ ಎಂದು ಮೂರು ಸೀರೆಗಳಿಗೆ ಹಣ ಕಟ್ಟಿದರು. ಇಳಕಲ್ಲಿನ ಮಗ್ಗದ ಬೆಲೆ ಬಲ್ಲ ಮನೆತನವದು! ಸೀರೆಯೂ ಇಲ್ಲ, ಎರಡು ವಾರದಲ್ಲಿ ಆ ತಾಣವೂ ಇಲ್ಲ. ಇಲ್ಲಿ ಕುಂದುಕೊರತೆ ಅಧಿಕಾರಿಯನ್ನು ಹುಡುಕುತ್ತ ಕೂಡದೆ, ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ಅಪರಾಧಗಳ ಸಹಾಯವಾಣಿ. ಹಣ ಇನ್ನೂ ಕಳ್ಳನ ಖಾತೆಯಲ್ಲಿಯೇ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಖಾತೆಯಿಂದ ಖಾತೆಗೆ ಹಾರುತ್ತ ಹೋದ ಹಣವನ್ನು ಹಿಡಿಯುವುದು ದುಸ್ತರ. ಇಲ್ಲಿಯೂ ನಾಚಿಕೆಯೇ ಮೊದಲ ಶತ್ರು. ಆ ಮನೆಯವರು ನಾಲ್ಕು ತಿಂಗಳ ಮೇಲೆ, ಮದುವೆಯೊಂದರ ಪಂಕ್ತಿಯಲ್ಲಿ ಕುಳಿತಾಗ, ನಗೆಯ ಪ್ರಸಂಗವಾಗಿ ಇದನ್ನು ನಮಗೆ ಹೇಳಿದರು.

ಈಗ ನಮ್ಮ ತಾಯಿಯವರ ವಿಷಯಕ್ಕೆ ಮರಳೋಣ. ಸೆಪ್ಟೆಂಬರ್ 4ರಂದು ಹಣ ಮರಳಿಸಲಾಗಿದೆ ಎಂಬ ಸಂದೇಶ ಹುಡುಗನಿಗೆ ಬಂದಿತು. ನಾವೆಲ್ಲ ಹರ್ಷಪಟ್ಟೆವು, ತಾಯಿಯವರು ಮನೆಗೆ ಸಜ್ಜಕ ಮಾಡಿ ಕಳುಹಿಸಿದರು. ಮರುದಿನ ಹುಡುಗನು ಖಾತೆ ನೋಡಿದರೆ ಹಣವಿಲ್ಲ. ಒಂದು ವಾರ ಕಳೆಯಿತು, ಹಣವಿಲ್ಲ. ತಾಣದವರು ಕೊಟ್ಟಿದ್ದೇವೆ ಎನ್ನುತ್ತಾರೆ, ಹುಡುಗನು ಬಂದಿಲ್ಲ ಎನ್ನುತ್ತಾನೆ. ನಡುವೆ ತಾಯಿಯವರ ಮುಖ ಬೇರೆಯಾಗುತ್ತ ಬಂದದ್ದನ್ನು ನಾವು ಗಮನಿಸಿದೆವು. ಒಂದು ದಿನ ಅವರು ತಗ್ಗಿದ ದನಿಯಲ್ಲಿ, “ಅಣ್ಣಾರ, ಅವನ ಖಾತೇಕ ಬಂದಿದ್ರ ಅವಂಗ ಗೊತ್ತಾಗೂದಿಲ್ಲೇನ್ರೀ?” ಎಂದರು. ಆ ಪ್ರಶ್ನೆ ಹೇಗೋ ಅವರ ಅಕ್ಕನ ಕಿವಿಗೂ ಬಿದ್ದಿತು. “ನನ್ನ ಮಗಾ ಕಳ್ಳ ಏನು?” ಎಂದು ಅವರು ಫೋನು ಇಟ್ಟರು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ನಡುವೆ ಎರಡು ವಾರ ಮಾತು ನಿಂತುಹೋಯಿತು. ಕಂಪನಿಯೊಂದರ ಮೇಲೆ ಹೋರಾಡಲು ಹೊರಟ ನಮಗೆ ಇದು ಹೆಚ್ಚು ಭಾರವೆನಿಸಿತು.

ಕಾರಣ ಸರಳವಾಗಿತ್ತು. ಮರಳುವ ಹಣವು ಯಾವ ಖಾತೆಯಿಂದ ಹೋಗಿತ್ತೋ ಆ ಖಾತೆಗೇ ಬರುತ್ತದೆ. ವಸ್ತು ಯಾರಿಗಾಗಿ ತರಿಸಿದ್ದು, ರೊಕ್ಕ ಯಾರ ಡಬ್ಬಿಯಿಂದ ಬಂದದ್ದು ಎಂಬುದನ್ನು ಯಂತ್ರ ಬಲ್ಲುದೇ? ಪ್ರತಿಯೊಂದು ಯುಪಿಐ ವ್ಯವಹಾರಕ್ಕೂ 12 ಅಂಕಿಗಳ ಉಲ್ಲೇಖ ಸಂಖ್ಯೆಯಿರುತ್ತದೆ, ಅದನ್ನು ಯುಟಿಆರ್ ಎನ್ನುತ್ತಾರೆ. ಕಾರ್ಡಿನ ಪಾವತಿಗೆ ಇದರಂತೆಯೇ ಎಆರ್‌ಎನ್ ಎಂಬುದಿದೆ. ಹಣ ಮರಳಿಸಿದ್ದೇವೆ ಎನ್ನುವವರು ಆ ಸಂಖ್ಯೆಯನ್ನು ಕೊಡಬೇಕು. ಸಂಖ್ಯೆಯನ್ನು ಹಿಡಿದು ಬ್ಯಾಂಕಿನಲ್ಲಿ ಕೇಳಿದರೆ ಹಣ ಎಲ್ಲಿದೆಯೆಂದು ತಿಳಿಯುತ್ತದೆ. ನಾವು ಇದನ್ನು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಆ ಎರಡು ವಾರಗಳ ಮೌನದಲ್ಲಿ ನಮ್ಮ ಪಾಲೂ ಇದೆ. ಸಂಖ್ಯೆ ಬಂದ ದಿನವೇ ಗಂಟು ಬಿಚ್ಚಿತು. ಹುಡುಗನು ಆಗಸ್ಟಿನಲ್ಲಿ ಕೆಲಸ ಬದಲಾಯಿಸಿದ್ದನು, ಅದರೊಡನೆ ಸಂಬಳದ ಬ್ಯಾಂಕೂ ಬದಲಾಗಿತ್ತು. ಅವನು ದಿನವೂ ನೋಡುತ್ತಿದ್ದುದು ಹೊಸ ಖಾತೆಯನ್ನು. 9,450 ರೂಪಾಯಿ ಸೆಪ್ಟೆಂಬರ್ 5ರಿಂದಲೇ ಹಳೆಯ ಖಾತೆಯಲ್ಲಿ ಕುಳಿತಿತ್ತು.

ಅವನು ಹಣವನ್ನು ಮೊಬೈಲಿನಲ್ಲಿ ಕಳುಹಿಸಲಿಲ್ಲ. ಮಹಾನವಮಿಗೆ ತಾಯಿಯನ್ನು ಕರೆದುಕೊಂಡು ತಾನೇ ಬಂದನು. ಮರುದಿನ ಬನ್ನಿ ಕೊಡುವಾಗ ಲಕೋಟೆಯನ್ನು ಚಿಗವ್ವನ ಕೈಗಿಟ್ಟು ಕಾಲಿಗೆರಗಿದನು. ಅಕ್ಕ ತಂಗಿಯರು ಒಬ್ಬರ ಮುಖವನ್ನೊಬ್ಬರು ನೋಡದೆ ಸ್ವಲ್ಪ ಹೊತ್ತು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಅತ್ತಿತ್ತ ಇಟ್ಟರು. ಆಮೇಲೆ ದೊಡ್ಡವರು, “ಹಿಟ್ಟು ಎಲ್ಲೈತಿ, ಕೊಡು ಇಲ್ಲೆ, ನಾ ನಾದತೇನಿ” ಎಂದರಂತೆ.

ಯಂತ್ರವನ್ನು ಹಬ್ಬದ ಮುಂದಿನ ವಾರ ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದರು. 600 ರೂಪಾಯಿ ಹೆಚ್ಚು ಬಿದ್ದಿತು. ಮಾಸ್ತರರು ರಸೀದಿಯನ್ನೂ ಗ್ಯಾರಂಟಿ ಕಾರ್ಡನ್ನೂ ಆ ಹಳೆಯ ಕಟ್ಟಿನ ದಾರಕ್ಕೇ ಪೋಣಿಸಿ ಕೊಟ್ಟಿದ್ದಾರೆ.